ಹನಿ ಗ್ಲಿಸರಿನ್

“ಅಳು ಚೆನ್ನಾಗಿ ಬರ್ಲಿ ಮೇಡಂ, ಜನ ಕರಗಿಹೋಗ್ಬೇಕು. ಹೇಗೂ ನಿಮ್ಗೆ ಗ್ಲಿಸರಿನ್ ಖರ್ಚೂ ಇಲ್ಲ,” ಎಂದು ನಗುತ್ತ ನಿರ್ಮಾಪಕ ಕ್ಷಮಾಪಣೆಯ ಹಾಳೆಯನ್ನು ನಟಿಯ ಕೈಗಿಟ್ಟ. ನೇರಪ್ರಸಾರಕ್ಕೆ ಇನ್ನೊಂದೇ ನಿಮಿಷವಿತ್ತು. ಮೇಕಪ್ಪಿನವಳು ನಟಿಯ ಹಣೆಗೆ ಪೌಡರ್ ಒತ್ತುತ್ತಿದ್ದಳು. ಚಿತ್ರೀಕರಣದಲ್ಲಿ ನಟಿಯ ಬದಲು ಮೂರನೇ ಮಹಡಿಯಿಂದ ಹಾರಿ, ಕೆಳಗೆ ಬಲೆಯಿಲ್ಲದೆ ಸೊಂಟ ಮುರಿದುಕೊಂಡವಳು ಈ ಮೇಕಪ್ಪಿನವಳ ಮಗಳು. ಬಲೆ ಕಟ್ಟಿರಲಿಲ್ಲವೆಂದು ಊರಿಗೆಲ್ಲ ಕೇಳುವಂತೆ ಕೂಗಿದವಳು ಈ ನಟಿಯೊಬ್ಬಳೇ. ಈಗ ಅದೆಲ್ಲ ಸುಳ್ಳೆಂದು ಓದದಿದ್ದರೆ ಇನ್ನು ಯಾವ ಚಿತ್ರದಲ್ಲೂ ಅವಳಿಗೆ ಪಾತ್ರವಿಲ್ಲ. ಓದಿಬಿಡ್ತಾಳೆ, ಹೊಟ್ಟೆಪಾಡು ಯಾರನ್ನ ಬಿಟ್ಟಿದೆ ಎಂದುಕೊಂಡು ಮೇಕಪ್ಪಿನವಳು ಪಕ್ಕಕ್ಕೆ ಸರಿದಳು.

ಕ್ಯಾಮೆರಾದ ಕೆಂಪು ದೀಪ ಹತ್ತಿತು. “ನಾನು ಹೇಳಿದ್ದೆಲ್ಲ ಸುಳ್ಳು. ಕೆಳಗೆ ಬಲೆ ಕಟ್ಟಲಾಗಿತ್ತು,” ಎಂದು ನಟಿ ಓದಿದಳು. ನಟಿ ಅಲ್ಲಿಗೇ ನಿಲ್ಲಿಸಿ, ಕ್ಯಾಮೆರಾದಿಂದ ಕಣ್ಣು ಕೀಳದೆ ಪಕ್ಕದಲ್ಲಿದ್ದ ಮೇಕಪ್ಪಿನವಳತ್ತ ಕೈ ಚಾಚಿದಳು. “ಇಲ್ಲಿ ನಾನು ಅಳ್ಬೇಕಂತೆ. ಬರ್ತಾನೇ ಇಲ್ಲ. ಅಕ್ಕಾ, ಗ್ಲಿಸರಿನ್ ಹಾಕಿ.”

ಇಪ್ಪತ್ತೆರಡು ವರ್ಷ ಅತ್ತು ಹೆಸರು ಮಾಡಿದವಳು ಸುಳ್ಳು ಕಣ್ಣೀರು ತರಿಸುವ ಆ ಗ್ಲಿಸರಿನ್ನನ್ನು ಒಮ್ಮೆಯೂ ಮುಟ್ಟಿದವಳಲ್ಲ ಎಂಬುದು ಅಭಿಮಾನಿಗಳಿಗೆಲ್ಲ ಬಾಯಿಪಾಠ. ಕ್ಯಾಮೆರಾದ ಹಿಂದೆ ನಿರ್ಮಾಪಕ ಬೇಡ ಬೇಡವೆಂದು ಎರಡೂ ಕೈ ಬೀಸತೊಡಗಿದ.

ಪೆಟ್ಟಿಗೆಯ ತಳದಲ್ಲಿದ್ದ ಸೀಸೆಯ ಮುಚ್ಚಳ ಅಂಟಿಕೊಂಡು ಕೂತಿತ್ತು. ಮೇಕಪ್ಪಿನವಳು ಅದನ್ನು ಹಲ್ಲಿನಿಂದ ಕಚ್ಚಿ ತಿರುಗಿಸಿದಳು. ಇಷ್ಟು ವರ್ಷ ಕ್ಯಾಮೆರಾದ ಹಿಂದೆಯೇ ನಿಂತವಳು ನೇರ ಬೆಳಕಿಗೆ ನಡೆದು ಬಂದಳು. ಊರೆಲ್ಲ ನೋಡುತ್ತಿರುವಾಗಲೇ ನಟಿಯ ಗದ್ದ ಎತ್ತಿ, ಒಂದೊಂದು ಕಣ್ಣಿಗೂ ಒಂದೊಂದೇ ಹನಿ, ಸಾವಕಾಶವಾಗಿ ಬಿಟ್ಟಳು.