ಐದು ಡಿಗ್ರಿ

ಪರೀಕ್ಷೆಗೆಂದು ನಿನ್ನೆಯಿಂದ ಆರಿಸಿಟ್ಟ ಭಟ್ಟಿಯ ಗೋಡೆಗೆ ತಿಪ್ಪೇಶ್ ತನ್ನ ಮನೆಯೊಳಗಿನಿಂದ ಅಂಗೈ ಒತ್ತಿದ. ಗುಡಿಯ ನೆಲದಷ್ಟು ತಣ್ಣಗಿತ್ತು. ಆದರೆ ಅದೇ ಗೋಡೆಗೆ ಅವನು ಹವ್ಯಾಸಕ್ಕೆಂದು ಮಾಡಿ ತೂಗುಹಾಕಿದ್ದ ಉಷ್ಣಾಂಶದ ಪೆಟ್ಟಿಗೆ ಮಾತ್ರ ಮೂವತ್ತೇಳರಿಂದ ಕದಲಿರಲಿಲ್ಲ. ಪಕ್ಕದ ಭಾಗಮ್ಮನ ಮಂಡಕ್ಕಿ ಭಟ್ಟಿಯ ಕಾವಿಗೆ ಮನೆ ಬೇಯುತ್ತಿದೆ, ಮುಚ್ಚಿಸಿ ಎಂದು ಅವನು ಪಂಚಾಯ್ತಿಗೆ ಕೊಟ್ಟ ದೂರಿಗೆ ಆ ಅಂಕಿಯೇ ಆಧಾರ.

"ಇವತ್ತೆಷ್ಟಪ್ಪಾ?" ಭಾಗಮ್ಮ ಹೊಸ್ತಿಲಾಚೆ ನಿಂತೇ ಕೇಳಿದಳು. "ಮೂವತ್ತೇಳು ಅಂತ ಅಜ್ಜಂಪುರವೆಲ್ಲಾ ಸಾರ್ದೆ. ಭಟ್ಟಿ ಆರಿಸಿದ್ಮೇಲೂ ಅಷ್ಟೇ ಇದ್ರೆ, ಉರೀತಿರೋದು ನಿನ್ ಹೊಟ್ಟೆ ಅಂತ ತಿಳ್ಕೊ."

"ತಡೀರಿ, ನೋಡ್ತಿದ್ದೀನಿ."

ಅವಳಿಗೆ ಬೆನ್ನು ಮಾಡಿ ಮುಚ್ಚಳ ತೆಗೆದ. ಒಳಗಿನ ಬೋರ್ಡು ಬೆರಳಿಗೆ ಚುರುಕ್ಕೆಂದಿತು. ಸೆನ್ಸರನ್ನು ಅದಕ್ಕೇ ಅಂಟಿಸಿ ಕೂರಿಸಿದ್ದ. ಇಷ್ಟು ದಿನ ಅದು ಅಳೆದದ್ದು ತನ್ನ ಪೆಟ್ಟಿಗೆಯ ಕಾವನ್ನೇ. ಸೆನ್ಸರನ್ನು ಬಿಡಿಸಿ, ಒಂದು ಗೇಣು ವೈರಿನ ತುದಿಗೆ ಸಿಕ್ಕಿಸಿ, ಪೆಟ್ಟಿಗೆಯ ಹಿಂದೆ ಇಳಿಬಿಟ್ಟ. ಅಂಕಿ ಮೆಲ್ಲಗೆ ಜಾರಿ ಮೂವತ್ತೆರಡಕ್ಕೆ ನಿಂತಿತು. ಯಂತ್ರದ ತಪ್ಪು ಸರಿಹೋಯಿತು. ಆ ಮಾತು ಅವನ ನಾಲಿಗೆಯ ತುದಿಯವರೆಗೂ ಬಂತು.

ಮುಚ್ಚಳ ಹಾಕಿ, ವೈರನ್ನು ಮರೆಮಾಡಿ, ತಿಪ್ಪೇಶ್ ತಿರುಗಿದ.

"ಬನ್ನಿ ಭಾಗಮ್ಮಾರೇ, ನೀವೇ ನೋಡ್ರೀ. ಭಟ್ಟಿ ಆರಿಸಿದ್ಮೇಲೆ ಐದು ಡಿಗ್ರಿ ಇಳೀತು."

ಭಾಗಮ್ಮ ಒಳಗೆ ಬಂದು ಅಂಕಿ ನೋಡಿದಳು. ಮುಖದ ಮೇಲಿನ ನಗು ಆರಿಹೋಯಿತು. ಇಷ್ಟು ವರ್ಷ ತನಗೆ ಅನ್ನ ಕೊಟ್ಟ ಭಟ್ಟಿಯ ಗೋಡೆಯನ್ನು, ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗನ ತಲೆ ಮುಟ್ಟುವಂತೆ, ಮೆಲ್ಲಗೆ ಮುಟ್ಟಿದಳು.