ನೀಲವ್ವಜ್ಜಿಯ ಕಣ್ಣಿನ ಔಷಧ

ಇದನ್ನು ಓದುವಾಗ ನನಗೆ ನನ್ನ ಮನೆಯೇ ನೆನಪಾಯಿತು... ನಿಮಗೂ ಆಗಬಹುದು.

ಹುಬ್ಬಳ್ಳಿಯಲ್ಲಿ ಫಕೀರೇಶ ಅಂತ ಒಬ್ಬರು. ಮದುವೆ ಕಾರ್ಡ್ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ.

ಮನೆಯಲ್ಲಿ ತಾಯಿ ನೀಲವ್ವ, ಹೆಂಡತಿ ಸುಮಂಗಲಾ, ಪಿಯುಸಿ ಓದುವ ಮಗಳು ಭೂಮಿಕಾ. ಬಾಡಿಗೆ ಮನೆ. ದುಡಿಯುವ ಕೈ ಒಂದೇ.

ಈಗ ಮದುವೆ ಕರೆಯೋಲೆ ಎಲ್ಲಾ ಮೊಬೈಲಿನಲ್ಲೇ ಬರುತ್ತದಲ್ಲ... ಪ್ರೆಸ್ಸಿಗೆ ಆರ್ಡರ್ ಕಡಿಮೆಯಾಯಿತು. ಒಂದು ದಿನ ಮಾಲೀಕರು ಕರೆದು ಹೇಳಿದರು:

"ಫಕೀರೇಶ, ಇನ್ನ ಮ್ಯಾಲೆ ಅರ್ಧ ಪಗಾರ ಅಷ್ಟ ಕೊಡಾಕ ಆಗ್ತೈತಿ. ಇರೂದಾದ್ರ ಇರು... ಇಲ್ಲಂದ್ರ ನಿನ್ನ ದಾರಿ ನೋಡ್ಕೊ."

ಆ ಸಂಜೆ ಫಕೀರೇಶ ಮನೆಗೆ ಬಂದು ಏನೂ ಹೇಳಲಿಲ್ಲ.

ಗಂಡಸು ತನ್ನ ಕಷ್ಟವನ್ನು ಹೆಂಡತಿ ಮಕ್ಕಳ ಮುಂದೆ ಹರಡಬಾರದು... ಅಂತ ಅವರ ನಂಬಿಕೆ. ಕಡಿಮೆ ಬಿದ್ದದ್ದನ್ನು ಫೈನಾನ್ಸಿನವರಿಂದ ಸಾಲ ತಂದು ಎಂದಿನಂತೆ ಸುಮಂಗಲಾ ಕೈಗೆ ಕೊಟ್ಟರು.

ಮುಂದೆ ಸಾಲದ ಕಂತೇ ಬಂದ ಪಗಾರವನ್ನು ನುಂಗತೊಡಗಿತು. ಕೈಗೆ ಬರುವ ದುಡ್ಡು ಕಡಿಮೆಯಾದಾಗ ಸುಮಂಗಲಾ ಕೇಳಿಯೇಬಿಟ್ಟಳು:

"ಪಗಾರ ಎಲ್ಲಿ ಹೊಂಟೈತ್ರಿ? ಕಿರಾಣಿ ಅಂಗಡ್ಯಾಂವ ಉದ್ರಿ ಕೊಡೂದಿಲ್ಲ ಅಂತಾನ. ನಾ ಮನಿ ಹೆಂಗ ನಡಸ್ಲಿ?"

"ಎಷ್ಟ್ ಕೊಟ್ರೂ ನಿಮಗ ಸಾಲೂದಿಲ್ಲ," ಎಂದು ಕೂಗಾಡಿ ಫಕೀರೇಶ ಹೊರಗೆ ಹೋದರು.

ಒಳಗಿನ ಕೋಣೆಯಲ್ಲಿ ಕೂತಿದ್ದ ನೀಲವ್ವನ ಕಿವಿಗೆ ಅದೆಲ್ಲ ಬಿತ್ತು... ಮುದುಕಿ ಮಗನನ್ನು ಏನೂ ಕೇಳಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಮಾತೇ ಕಡಿಮೆಯಾಯಿತು. ಊಟಕ್ಕೆ ಕೂತರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಫಕೀರೇಶ ಫೋನ್ ರಿಂಗಾದರೆ ಸಾಕು, ಎದ್ದು ಹೊರಗೆ ಹೋಗುತ್ತಿದ್ದರು. ಫೈನಾನ್ಸಿನವರೇ ಇರಬೇಕು ಅಂತ...

ಕೆಲವು ತಿಂಗಳು ಕಳೆದವು. ಒಂದು ಬೆಳಗ್ಗೆ ನೀಲವ್ವ ಮೊಮ್ಮಗಳಿಗೆ ಚಹಾ ಸೋಸುತ್ತಿದ್ದಳು. ಚಹಾ ಕಪ್ಪಿನ ಪಕ್ಕಕ್ಕೆ ಬಿದ್ದು ನೆಲವೆಲ್ಲ ಹರಿಯಿತು... ಆಕೆ ಮಾತ್ರ ಸೋಸುತ್ತಲೇ ಇದ್ದಳು.

"ಅಜ್ಜಿ, ಚಹಾ ಕೆಳಗ ಬೀಳಾಕತ್ತೈತಿ... ನಿನಗ ಕಾಣವಲ್ದೇನು?"

ನೀಲವ್ವ ಕಪ್ಪಿಗಾಗಿ ಕೈಯಾಡಿಸಿದಳು.

ಎಲ್ಲರೂ ಕಣ್ಣಿನ ಆಸ್ಪತ್ರೆಗೆ ಓಡಿದರು. ಆಕೆಗೆ ಮೊದಲಿನಿಂದಲೂ ಕಣ್ಣಿನ ಒತ್ತಡದ ತೊಂದರೆ. ದಿನವೂ ತಪ್ಪದೇ ಔಷಧದ ಹನಿ ಹಾಕಿಕೊಳ್ಳಬೇಕಿತ್ತು.

ಡಾಕ್ಟರ್ ಪರೀಕ್ಷೆ ಮಾಡಿ ಕೇಳಿದರು: "ಅಜ್ಜಿ, ಡ್ರಾಪ್ಸ್ ಬಿಟ್ಟಿದ್ರೇನು?"

"ಪೂರಾ ಬಿಟ್ಟಿಲ್ರಿ ಸಾಹೇಬ್ರ... ಒಂದಿನ ಬಿಟ್ಟು ಒಂದಿನ ಹಾಕ್ಕೊಂತಿದ್ದೆ. ಆಮ್ಯಾಲೆ ವಾರಕ್ಕೊಮ್ಮೆ..."

"ಯಾಕ?"

ಆಕೆ ತಲೆ ತಗ್ಗಿಸಿದಳು. "ಬಾಟ್ಲಿ ಭಾಳ ತುಟ್ಟಿ ಐತ್ರಿ. ಮನ್ಯಾಗ ರೊಕ್ಕದ ಅಡಚಣಿ... ನನ್ನ ಕಣ್ಣು ಇದ್ರೇನು, ಹೋದ್ರೇನು ಅಂತ..."

ಡಾಕ್ಟರ್ ಫಕೀರೇಶರ ಕಡೆ ತಿರುಗಿದರು. "ಬಲಗಣ್ಣು ಹೋಗೈತಿ. ಇನ್ನ ವಾಪಸ್ ಬರೂದಿಲ್ಲ. ಎಡಗಣ್ಣೂ ಮಬ್ಬ ಆಗೈತಿ, ಅದು ಉಳೀಬೇಕಂದ್ರ ಒಂದಿನಾನೂ ಔಷಧ ತಪ್ಪಬಾರದು."

ಫಕೀರೇಶ ಗೋಡೆಗೆ ಮುಖ ಮಾಡಿ ನಿಂತರು... ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತರು.

ಮನೆಗೆ ಬಂದ ಮೇಲೆ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ ಅರ್ಧ ಪಗಾರದ ವಿಷಯ, ಸಾಲದ ವಿಷಯ... ಒಂದೂ ಬಿಡದೆ ಹೇಳಿದರು.

ಸುಮಂಗಲಾ ಮೆಲ್ಲಗೆ ಅಂದಳು: "ನಾನೂ ಒಂದು ಹೇಳಿಲ್ರಿ... ರಾತ್ರಿ ಊಟ ಬಿಟ್ಟು ಭಾಳ ದಿನ ಆತು. ದೇವರ ವಾರ ಐತಿ, ಉಪವಾಸ ಐತಿ ಅಂತ ಸುಳ್ಳು ಹೇಳ್ತಿದ್ದೆ."

ಭೂಮಿಕಾ ಬಿಕ್ಕುತ್ತಾ ಅಂದಳು: "ಅಪ್ಪಾ, ನರ್ಸಿಂಗ್ ಓದೂದು ಬ್ಯಾಡ, ಇಷ್ಟ ಇಲ್ಲ ಅಂದಿದ್ನಲ್ಲ... ಅದೂ ಸುಳ್ಳು."

ನಾಲ್ಕು ಜನ... ಒಂದೇ ಸೂರು. ಒಬ್ಬೊಬ್ಬರೂ ಗುಟ್ಟಾಗಿ ತಮ್ಮ ಪಾಲನ್ನೇ ಕತ್ತರಿಸಿಕೊಳ್ಳುತ್ತಿದ್ದರು.

ಫಕೀರೇಶ ತಾಯಿಯ ಪಾದ ಹಿಡಿದರು. "ಯವ್ವಾ, ನಿನ್ನ ಕಣ್ಣು ನಾನ ಕಳದೆ."

ನೀಲವ್ವ ಕೈಯಾಡಿಸಿ ಮಗನ ತಲೆ ಹುಡುಕಿಕೊಂಡಳು. "ನೀ ಹೇಳಲಿಲ್ಲ... ನಾ ಕೇಳಲಿಲ್ಲ. ಇಬ್ಬರದೂ ತಪ್ಪ ಐತೆಪಾ. ಏಳು, ಈಗರ ಎಲ್ಲಾರೂ ಕೂಡಿ ಲೆಕ್ಕ ಹಾಕೂಣು."

ಹಾಕಿದರು. ಮೊದಲು ಅಜ್ಜಿಯ ಔಷಧ, ಆಮೇಲೆ ಬಾಡಿಗೆ, ರೇಷನ್, ಸಾಲದ ಕಂತು... ಎಷ್ಟು ಹಾಕಿದರೂ ಕಡಿಮೆಯೇ ಬಿತ್ತು.

ಬೈಕ್ ಮಾರಿದರು. ಹಳೇ ಹುಬ್ಬಳ್ಳಿಯಲ್ಲಿ ಒಂದೇ ಕೋಣೆಯ ಮನೆಗೆ ಹೋದರು. ಸುಮಂಗಲಾ ಖಾನಾವಳಿಗೆ ರೊಟ್ಟಿ ಬಡಿದು ಕೊಡತೊಡಗಿದಳು. ಪಿಯುಸಿ ಮುಗಿದರೂ ಭೂಮಿಕಾಳ ನರ್ಸಿಂಗ್ ಓದು ಮುಂದಿನ ವರ್ಷಕ್ಕೆ ಹೋಯಿತು.

ಸಾಲ ಇನ್ನೂ ತೀರಿಲ್ಲ.

ಆದರೆ ಈಗ ಪಗಾರದ ದಿನ ನಾಲ್ವರೂ ಒಟ್ಟಿಗೆ ಕೂರುತ್ತಾರೆ. ಯಾವುದನ್ನು ಕಟ್ಟಬೇಕು, ಯಾವುದನ್ನು ಬಿಡಬೇಕು... ಎಲ್ಲವನ್ನೂ ಮಾತಾಡಿಕೊಳ್ಳುತ್ತಾರೆ.

ಕಳೆದ ತಿಂಗಳು ಲೆಕ್ಕ ಮುಗಿದ ಮೇಲೆ ನೀಲವ್ವ ಸೊಸೆಯ ಕೈ ಹಿಡಿದು ಕೇಳಿದಳು: "ಎಲ್ಲಾ ಹೇಳಿದ್ರಿ... ನಿನ್ನ ರಾತ್ರಿ ಊಟ ಇದರಾಗ ಎಲ್ಲೈತಿ ಹೇಳವಾ?"

ಸುಮಂಗಲಾ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟಳು...

*ಮನೆಯವರಿಂದ ಮುಚ್ಚಿಟ್ಟ ಕಷ್ಟದ ಬೆಲೆಯನ್ನು, ಅದೇ ಮನೆಯಲ್ಲಿ ಯಾರೋ ಒಬ್ಬರು ಸದ್ದಿಲ್ಲದೆ ಕಟ್ಟುತ್ತಿರುತ್ತಾರೆ.*

ಈ ತಿಂಗಳು ನಿಮ್ಮ ಮನೆಯಲ್ಲಿ ಯಾರು ಏನು ಬಿಟ್ಟುಕೊಟ್ಟಿದ್ದಾರೆ... ನಿಮಗೆ ಗೊತ್ತಿದೆಯಾ?