ಆನೆಯ ಅಪ್ಪಣೆ

ಆಫ್ರಿಕಾದ ಸೆರೆಂಗೆಟಿ ಅಭಯಾರಣ್ಯದೊಳಗೆ ಯಾರನ್ನು ಬಿಡಬೇಕೆಂದು ಈಗ ಆನೆಗಳೇ ನಿರ್ಧರಿಸುತ್ತವೆ. ಹೋದ ವರ್ಷ ಸಫಾರಿಗೆಂದು ಬಂದಿದ್ದ ಧಾರವಾಡದ ಗಿರಿಜವ್ವನನ್ನು ಬಾಗಿಲಲ್ಲಿದ್ದ ಹೆಣ್ಣಾನೆ ಮೂಸಿ, ದಾರಿಗೆ ಅಡ್ಡ ನಿಂತಿತ್ತು. ಒಳಗೆ ಪ್ರಾಣಿವೈದ್ಯೆಯಾಗಿದ್ದ ಮಗಳನ್ನು ನೋಡದೆಯೇ ಅವಳು ಮರಳಿದ್ದಳು. ಈಗ ಆ ಮಗಳಿಗೆ ದಿನ ತುಂಬಿತ್ತು.

ಅಳಿಯನ ಜೀಪಿನಿಂದ ಇಳಿದ ಗಿರಿಜವ್ವ ಅದೇ ಆನೆಗೆ ಕೈಮುಗಿದಳು. "ಬಾಣಂತನಕ್ಕ ಬಂದೀನಿ ತಾಯಿ, ಒಳಗ ಬಿಡು."

ಸೊಂಡಿಲು ಅವಳ ತಲೆ, ಹೆಗಲು, ಮುಗಿದ ಕೈಗಳನ್ನು ನಿಧಾನವಾಗಿ ಮೂಸಿತು. ಆಮೇಲೆ ಆನೆ ಪಕ್ಕಕ್ಕೆ ಸರಿಯಿತು.

"ಹತ್ರಿ ಅತ್ತಿ, ಅಪ್ಪಣಿ ಸಿಕ್ತು!" ಎಂದು ಅಳಿಯ ಜೀಪು ಚಾಲೂ ಮಾಡಿದ.

"ಬ್ಯಾನಿ ಶುರು ಆಗ್ಯಾವೇನಪಾ?"

"ಇನ್ನೂ ಇಲ್ರಿ. ನಿಮ್ಮ ದಾರಿ ನೋಡಾಕತ್ತಾಳ."

ಗಿರಿಜವ್ವ ಸೀಟಿಗೆ ಒರಗಿ ನಿರಾಳವಾಗಿ ಉಸಿರು ಬಿಟ್ಟಳು. ಕಿಟಕಿಯಾಚೆ ಜಿರಾಫೆಗಳು ಮೇಯುತ್ತಿರುವುದು ಆಗಷ್ಟೇ ಅವಳ ಕಣ್ಣಿಗೆ ಬಿತ್ತು.